ಬೂದಿವೀರನ ದರ್ಜಿ

ನಮ್ಮ ಸ್ಟುಡಿಯೋದ ಟೈಲರಣ್ಣನಿಗೆ ಐವತ್ತು ದಾಟಿದ ಮೇಲೂ ಒಂದು ಹುಚ್ಚು ಬಿಟ್ಟಿರಲಿಲ್ಲ. ಆ ವಯಸ್ಸಿನ ಬೇರೆ ಗಂಡಸರು ಮಂಡಿನೋವು, ರಾಜಕೀಯ, ಸಾಲದ್ದಕ್ಕೆ ಅಳಿಯನ ದೂರು ಹೇಳಿಕೊಂಡು ಕಾಲ ಕಳೆಯುತ್ತಿದ್ದರೆ, ಇವನು ಇಸ್ತ್ರಿ ಮೇಜಿನ ಮುಂದೆ ನಿಂತು, ಬೂದಿವೀರ ಮೂರನೇ ಮಹಡಿಯಿಂದ ಹಾರಿದಾಗ ಮೊಣಕಾಲು ಮಡಚಿದ್ದನೋ ಇಲ್ಲವೋ ಎಂದು ಕೈಗೆ ಸಿಕ್ಕವರ ಜೊತೆ ವಾದಕ್ಕೆ ಇಳಿಯುತ್ತಿದ್ದ. ಕೈಗೆ ಹೆಚ್ಚು ಸಿಗುತ್ತಿದ್ದವಳು ನಾನೇ. ನಾನು ಅದೇ ಸ್ಟುಡಿಯೋದಲ್ಲಿ ನಟರ ಮುಖಕ್ಕೆ ಬಣ್ಣ ಹಚ್ಚುವವಳು. ಎಲ್ಲರ ಬಾಯಲ್ಲೂ ಮೇಕಪ್ಪಮ್ಮ. ನನ್ನ ಕೋಣೆಗೂ ಅವನ ಹೊಲಿಗೆ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ, ಅದರಲ್ಲೂ ಮೇಲ್ಗಡೆ ಅರ್ಧ ಇಲ್ಲ. ಹಾಗಾಗಿ ಬೂದಿವೀರನ ಕಥೆ ಓದದೆಯೇ ನನಗೆ ಬಾಯಿಪಾಠ.

ಬೂದಿವೀರ ಎಂದರೆ ಯಾರು ಎಂದು ಕೇಳುವವರೂ ಇರಬಹುದು. ವಾರಕ್ಕೊಮ್ಮೆ ಬರುತ್ತಿದ್ದ ಒಂದು ಕಾಮಿಕ್ಸ್ ಪುಸ್ತಕದ ಸೂಪರ್‌ಹೀರೋ. ಮೊದಲು ಗಿರಣಿ ಕೂಲಿ, ಬೆಂಕಿಯಲ್ಲಿ ಸುಟ್ಟು ಬೂದಿಯಾದವನು, ಆ ಬೂದಿಯಿಂದಲೇ ಎದ್ದು ಬಂದವನು. ನೆತ್ತಿಯಿಂದ ಪಾದದ ತನಕ ಬೂದುಬಣ್ಣದ ಒಂದೇ ಉಡುಪು. ಮುಖವಾಡಕ್ಕೆ ಬಾಯಿ ಇಲ್ಲ, ಕಣ್ಣಿನ ಜಾಗದಲ್ಲಿ ಎರಡು ಬಿಳಿ ಸೀಳು ಅಷ್ಟೇ. ಹೊಗೆ ಕುಡಿದು ಅವನ ದನಿ ಹೋಗಿದೆ, ಒಂದು ಮಾತೂ ಆಡುವುದಿಲ್ಲ. ಎಲ್ಲಿ ಬೆಂಕಿ ಬಿದ್ದರೂ ಒಳಗೆ ನಡೆದು ಹೋಗಿ ಜನರನ್ನು ಹೊತ್ತು ತರುತ್ತಾನೆ. ಇಷ್ಟೇ. ಇಷ್ಟಕ್ಕೆ ಒಬ್ಬ ಮನುಷ್ಯ ಜೀವಮಾನವಿಡೀ ಮರುಳಾಗಿದ್ದ.

ಮರುಳು ಹತ್ತಿದ್ದು ಕ್ಷೌರದಂಗಡಿಯಲ್ಲಿ. ಅವನು ಹುಡುಗನಾಗಿದ್ದಾಗ ಮನೆಗೆ ಕಾಮಿಕ್ಸ್ ತರುವವರು ಯಾರೂ ಇರಲಿಲ್ಲ. ಬೀದಿಯ ಕೊನೆಯ ಕ್ಷೌರಿಕ ಮಾತ್ರ ಗಿರಾಕಿಗಳಿಗೆಂದು ತರಿಸುತ್ತಿದ್ದ. ಕೂದಲು ಕತ್ತರಿಸಿಕೊಳ್ಳಲು ಬಂದವರಿಗೆ ಮಾತ್ರ ಪುಸ್ತಕ ಎಂಬುದು ಅವನ ಕಟ್ಟಪ್ಪಣೆ. ಸರಿ, ಈ ಹುಡುಗ ಏನಾದರೊಂದು ನೆಪ ಹೇಳಿ ವಾರವಾರವೂ ಹೋಗಿ ತಲೆ ಕೊಟ್ಟ. ಶಾಲೆಯಲ್ಲಿ ಬೋಳ ಎಂದು ಹೆಸರಾಯಿತು. ಕೊನೆಗೆ ಕ್ಷೌರಿಕನೇ ಸೋತ. "ಲೋ ಮಾರಾಯ, ಇನ್ನು ನಾನು ಕತ್ತರಿಸೋಕೆ ಅಂತ ಉಳಿದಿರೋದು ನಿನ್ನ ಎರಡು ಕಿವಿ ಮಾತ್ರ. ಆ ಮೂಲೇಲಿ ಕೂತು ಓದ್ಕೋ, ತಲೆ ಹಿಡ್ಕೊಂಡು ಬರಬೇಡ" ಎಂದನಂತೆ. ಈ ಕಥೆಯನ್ನು ಟೈಲರಣ್ಣ ಪದಕ ತೋರಿಸುವವನ ಹಾಗೆ ಎದೆಯುಬ್ಬಿಸಿ ಹೇಳುತ್ತಿದ್ದ.

ಸ್ವಲ್ಪ ದೊಡ್ಡವನಾದಾಗ ಬೂದಿವೀರ ಟೀವಿಗೆ ಬಂದ. ಕೇರಿಗೆಲ್ಲ ಟೀವಿ ಇದ್ದದ್ದು ಗಡಿಯಾರ ರಿಪೇರಿಯವರ ಮನೆಯಲ್ಲಿ. ನಡುಮನೆಯ ತುಂಬ ಜನ, ಕಿಟಕಿಯ ಕಂಬಿಯಲ್ಲಿ ಜನ. ಹುಡುಗ ಎಲ್ಲರಿಗೂ ಮೊದಲೇ ಹೋಗಿ ಮುಂದೆ ಕೂತಿದ್ದ. ಬೂದಿವೀರ ಬಂದ, ನಿಂತ, ಬೆಂಕಿಯ ಕಡೆಗೆ ತಿರುಗಿದ. ತಿರುಗಿದಾಗ ಅವನ ಬೆನ್ನ ಮೇಲೆ ಕುತ್ತಿಗೆಯಿಂದ ಸೊಂಟದ ತನಕ ಒಂದು ಉದ್ದನೆಯ ಜಿಪ್ ಪಳಪಳ ಹೊಳೆಯಿತು. "ಬೂದಿವೀರನಿಗೆ ಅವರಮ್ಮ ಜಿಪ್ ಎಳೆದು ಕಳ್ಸಿದ್ದಾಳೆ ಕಣ್ರೋ!" ಎಂದ ಯಾರೋ. ಮನೆಯೆಲ್ಲ ನಕ್ಕಿತು. ಹುಡುಗ ಎದ್ದು ಮನೆಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದ. ತಾನು ದರ್ಜಿಯಾದದ್ದು ಆ ಜಿಪ್ಪಿನ ಸಿಟ್ಟಿಗೆ ಎಂದು ಅವನು ಹೇಳುತ್ತಿದ್ದ. ಅವನ ಅಪ್ಪನೂ ದರ್ಜಿ, ಅಜ್ಜನೂ ದರ್ಜಿ. ಆದರೂ ನಾನು ಹೂಂ ಎನ್ನುತ್ತಿದ್ದೆ.

ಆ ಧಾರಾವಾಹಿ ನಡುವೆಯೇ ನಿಂತುಹೋಯಿತು. ಗಿರಣಿಯ ಸಂಚಿಕೆಗೆ ಬರಲೇ ಇಲ್ಲ. ಬೂದಿವೀರನ ಅಭಿಮಾನಿಗಳಿಗೆ ಅದು ಎಲ್ಲಕ್ಕಿಂತ ದೊಡ್ಡ ಸಂಚಿಕೆಯಂತೆ. ತಾನು ಸುಟ್ಟುಹೋದ ಅದೇ ಗಿರಣಿಗೆ ಮತ್ತೆ ಬೆಂಕಿ ಬಿದ್ದಾಗ ಬೂದಿವೀರ ಒಳಗೆ ಹೋಗುತ್ತಾನೆ, ಎಲ್ಲರನ್ನೂ ಹೊರಗೆ ಕಳಿಸುತ್ತಾನೆ, ಕೊನೆಗೆ ಮೇಲಿನ ಕಿಟಕಿಯಲ್ಲಿ ಒಬ್ಬನೇ ನಿಂತು ಕೆಳಗಿನ ಜನರತ್ತ ಬಲಗೈ ಎತ್ತಿ ಅಂಗೈ ತೋರಿಸುತ್ತಾನೆ. ಪುಸ್ತಕದಲ್ಲಿ ಎರಡು ಪುಟ ಸೇರಿಸಿ ಒಂದೇ ಚಿತ್ರ. ಪುಟ ತಿರುಗಿಸಿದರೆ ಕಿಟಕಿ ಖಾಲಿ. "ಆ ಕೈ ಏನು ಹೇಳುತ್ತೆ ಗೊತ್ತಾ ಮೇಕಪ್ಪಮ್ಮ? ಹೆದರಬೇಡಿ, ನಾನಿದ್ದೀನಿ ಅನ್ನುತ್ತೆ" ಎನ್ನುತ್ತ ಟೈಲರಣ್ಣ ತನ್ನ ಬಲಗೈಯನ್ನೂ ಎತ್ತಿ ತೋರಿಸುತ್ತಿದ್ದ. ನನಗೆ ನಗು ಬರುತ್ತಿತ್ತು. ಆದರೆ ಅವನ ಮುಖ ನೋಡಿ ನುಂಗಿಕೊಳ್ಳುತ್ತಿದ್ದೆ.

ಆಮೇಲೆ ಬೂದಿವೀರನ ಕಾರ್ಟೂನ್ ಬಂತು, ಕಂಪ್ಯೂಟರಿನಲ್ಲಿ ಮಾಡಿದ್ದು ಇನ್ನೊಂದು ಬಂತು. ಒಂದನ್ನೂ ಅವನು ಬಿಡಲಿಲ್ಲ, ಒಂದನ್ನೂ ಬೈಯದೆ ಇರಲಿಲ್ಲ. ಅವರ ಮನೆಗೆ ನಾನು ಎಷ್ಟೋ ಭಾನುವಾರ ಹೋಗಿದ್ದೇನೆ. ಬೀರುವಿನ ಒಳ್ಳೆಯ ಎರಡು ಖಾನೆ ಬೂದಿವೀರನಿಗೆ, ಹೆಂಡತಿಯ ಸೀರೆಗಳು ಮಂಚದ ಕೆಳಗಿನ ಪೆಟ್ಟಿಗೆಗೆ. "ಈ ಮನೆಗೆ ಮೊದಲು ಬಂದೋನು ಅವನು. ನಾನು ಆಮೇಲೆ ಬಂದೋಳು, ಸುಮ್ನೆ ಹೊಂದ್ಕೊಂಡು ಹೋಗಬೇಕು" ಎಂದು ಆಕೆ ನಗುತ್ತಿದ್ದಳು. ಟೈಲರಣ್ಣ ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಹಳೆಯ ಸಂಚಿಕೆಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಟೀವಿ ನೋಡುತ್ತಿದ್ದ. ಪುಸ್ತಕದ ಚಿತ್ರ ಪರದೆಯ ಮೇಲೆ ಹಾಗೆಯೇ ಬಂದರೆ ತೊಡೆ ತಟ್ಟಿ "ಬಂತು! ಬಂತು!" ಎನ್ನುತ್ತಿದ್ದ. ಕೆಟ್ಟದಾಗಿ ಬಂದರೆ ಪುಸ್ತಕವನ್ನು ಟೀವಿಗೆ ತೋರಿಸಿ ಗದರುತ್ತಿದ್ದ. ಅಷ್ಟು ಸುಲಭವಾಗಿ ಸುಖಪಡುವ ಮನುಷ್ಯನನ್ನು ಕಂಡರೆ ನನಗೆ ಒಂದೊಂದು ಸಲ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಅವನಿಗೆ ಒಬ್ಬಳೇ ಮಗಳು. ಅವಳು ಮೆಚ್ಚಿದ ಹುಡುಗ ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಜೋತಾಡಿಕೊಂಡು ಬಣ್ಣ ಬಳಿಯುವವನು. ಹೆಣ್ಣು ಕೇಳಲು ಬಂದ ದಿನ ಟೈಲರಣ್ಣ ಕೇಳಿದ ಮೊದಲ ಪ್ರಶ್ನೆ, "ಬೂದಿವೀರ ಓದಿದ್ದೀಯಾ?" ಹುಡುಗ ಇಲ್ಲ ಎಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಟೈಲರಣ್ಣ ಒಂದು ಕಟ್ಟು ಕೊಟ್ಟು ಕಳಿಸಿದ. ಎರಡನೇ ಸಲ ಬಂದವನು ಕಟ್ಟನ್ನು ಒಂದು ಪುಟದ ಕಿವಿಯೂ ಮಡಚದೆ ತಂದುಕೊಟ್ಟು, "ಇನ್ನೊಂದು ಕಟ್ಟು ಕೊಡ್ತೀರಾ ಮಾವ?" ಎಂದ. ಮದುವೆಯ ಮಾತು ಮುಗಿದದ್ದು ಅಲ್ಲಿಗೆ. ಆಮೇಲೆ ಭಾನುವಾರದ ಟೀವಿಯ ಮುಂದೆ ಇಬ್ಬರು ಹುಚ್ಚರು ಕೂರುವಂತಾಯಿತು. ಮಾವನಿಗೆ ಮಗನಿಲ್ಲದ ಕೊರತೆ ತೀರಿತು ಎಂದು ಎಲ್ಲರೂ ಆಡಿಕೊಂಡೆವು.

ಹೀಗಿರುವಾಗ ಬೂದಿವೀರನ ಹೊಸ ಧಾರಾವಾಹಿ ನಮ್ಮ ಸ್ಟುಡಿಯೋಕ್ಕೇ ಬಂತು.

ಸುದ್ದಿ ಕೇಳಿದ ದಿನ ಟೈಲರಣ್ಣ ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತ. ಉಡುಪು ಹೊಲಿಯುವುದು ತಾನೇ ಎಂದ. ಎಷ್ಟೋ ದಿನ ಬಟ್ಟೆಯಂಗಡಿಗಳನ್ನೆಲ್ಲ ಅಲೆದ. ಒಳಗೆ ಹತ್ತಿ, ನಡುವೆ ತೆಳ್ಳನೆಯ ಸ್ಪಂಜು, ಹೊರಗೆ ರಬ್ಬರ್ ಹಚ್ಚಿದ ಬೂದು ಬಟ್ಟೆ. ಮುಖವಾಡ ಕೊರಳಪಟ್ಟಿಗೆ ಸೇರುವ ಕಡೆ ಗೆರೆಯೂ ಕಾಣಬಾರದು. ನಿರ್ದೇಶಕ ನೋಡಿ ಮೆಚ್ಚಿ, "ಜಿಪ್ ಎಲ್ಲಿ ಹಾಕ್ತೀರಿ?" ಎಂದ.

"ಜಿಪ್ ಇಲ್ಲ ಸಾರ್."

"ಮತ್ತೆ ಒಳಗೆ ಹೋಗೋದು ಹೇಗೆ?"

"ನಾನು ಹೊಲಿದುಬಿಡ್ತೀನಿ."

ಹೊಲಿದೂ ಬಿಟ್ಟ. ಪ್ರತಿ ಬೆಳಿಗ್ಗೆ ಮನುಷ್ಯನನ್ನು ಉಡುಪಿನೊಳಗೆ ನಿಲ್ಲಿಸಿ ಬೆನ್ನಿನಿಂದ ನೆತ್ತಿಯ ತನಕ ಕಾಣದ ಹೊಲಿಗೆ ಹಾಕುವುದು, ಕೆಲಸ ಮುಗಿದ ಮೇಲೆ ಕತ್ತರಿಯಿಂದ ಬಿಡಿಸಿ ಹೊರಗೆ ತೆಗೆಯುವುದು. ಹಿಂದೆ ನಾಟಕದ ಕಂಪನಿಗಳಲ್ಲಿ ಹೀಗೆ ಮಾಡುತ್ತಿದ್ದರಂತೆ. ನಮ್ಮ ದೊಡ್ಡ ನಟ ಒಂದು ಸಲ ಹೊಲಿಸಿಕೊಂಡು, ಕುತ್ತಿಗೆ ಹಿಡಿಯಿತು ಎಂದು ನೆಪ ಹೇಳಿ, ಇನ್ನು ಇದರ ಸಹವಾಸ ಬೇಡ ಎಂದ. ಮುಖವೇ ಕಾಣದ ಪಾತ್ರದಲ್ಲಿ, ಸುಡುವ ಮೊದಲಿನ ಗಿರಣಿ ಕೂಲಿಯಾಗಿ ಮುಖ ತೋರಿಸುವುದಷ್ಟೇ ಅವನ ಕೆಲಸವಾಯಿತು. ಉಳಿದದ್ದನ್ನೆಲ್ಲ ಅವನ ಬದಲಿಗೆ ಒಬ್ಬ ಡೂಪ್ ಮಾಡಬೇಕು. ಮೈಕಟ್ಟು ಹೊಂದಬೇಕು, ಎತ್ತರಕ್ಕೆ ಹೆದರಬಾರದು, ಸೂಜಿಗೆ ಹೆದರಬಾರದು. ಟೈಲರಣ್ಣ ಅಳಿಯನನ್ನು ಕರೆತಂದ.

ಅವನಿಗೆ ಸೂಜಿ ಹಾಕುವಾಗ ನಾನು ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲೇ ಇರುತ್ತಿದ್ದೆ, ಮುಖವಾಡದ ಸೀಳಿನಲ್ಲಿ ಚರ್ಮ ಕಾಣದ ಹಾಗೆ ಕಣ್ಣಿನ ಸುತ್ತ ಕಪ್ಪು ಹಚ್ಚಬೇಕಲ್ಲ. ಮಾವ ಹೊಲಿಯುತ್ತ ಹೋದ ಹಾಗೆ ಅಳಿಯನ ಮಾತು ಸಣ್ಣಗಾಗುತ್ತ ಹೋಗುತ್ತಿತ್ತು. ಕೊನೆಯ ಹೊಲಿಗೆ ಬಿದ್ದ ಮೇಲೆ ಒಳಗಿನಿಂದ ಏನು ಹೇಳಿದರೂ ಗೊಣಗಿದ ಹಾಗೆ ಕೇಳುತ್ತಿತ್ತು. ನೀರು ಕುಡಿಯುವಂತಿಲ್ಲ, ಮೂಗು ಒರೆಸುವಂತಿಲ್ಲ. ನನಗೆ ಮೊದಲ ದಿನದಿಂದಲೂ ಅದು ಹಿಡಿಸಲಿಲ್ಲ. ಬದುಕಿರುವವನನ್ನು ಹೀಗೆ ಹೊಲಿಯುವುದು ಅಪಶಕುನ ಎಂದು ಹೇಳಿಯೂ ಹೇಳಿದೆ.

"ಅದಕ್ಕೇ ನಾನಿದ್ದೀನಲ್ಲ" ಎಂದ ಟೈಲರಣ್ಣ. ಅವನೇ ಒಂದು ನೇಮ ಮಾಡಿಕೊಂಡಿದ್ದ. ಒಳಗೆ ಮನುಷ್ಯ ಇರುವ ತನಕ ದರ್ಜಿ ಅವನನ್ನು ಬಿಟ್ಟು ಹೋಗಬಾರದು. ಕೊರಳಿಗೆ ಕತ್ತರಿ ಕಟ್ಟಿಕೊಂಡು ಅಳಿಯನ ಹಿಂದೆಯೇ ಸುತ್ತುತ್ತಿದ್ದ. ಊಟ ಬಿಡುತ್ತಿದ್ದ, ಟೀ ಬಿಡುತ್ತಿದ್ದ. ಸೆಟ್ಟಿನ ಏಣಿಯ ಬುಡದಲ್ಲಿ ನಿಂತರೆ ಶಾಟ್ ಮುಗಿಯುವ ತನಕ ಅಲ್ಲಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಳಿಯ ಶಾಟ್ ಮುಗಿಸಿ ಬರುವಾಗ ತೂರಾಡಿ ಗೋಡೆ ಹಿಡಿದ. ಟೈಲರಣ್ಣ ಸರಸರ ಹೊಲಿಗೆ ಬಿಡಿಸಿದ. ಮುಖ ಬೆಂದ ಹಾಗೆ ಕೆಂಪಗಾಗಿತ್ತು, ಮೂಗಿನಿಂದ ರಕ್ತ. ನಾನು ಒದ್ದೆ ಬಟ್ಟೆ ಒತ್ತುತ್ತ ಬಾಯಿಗೆ ಬಂದ ಹಾಗೆ ಬೈದೆ. "ಒಂದು ಜಿಪ್ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ? ಹೆಚ್ಚು ಕಡಿಮೆ ಆದ್ರೆ ಮಗಳಿಗೆ ಏನು ಹೇಳ್ತೀಯಾ?" ನಿರ್ದೇಶಕನೂ ಬಂದು, ಜಿಪ್ ಇದ್ದರೆ ಇರಲಿ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸೋಣ ಎಂದ. ಟೈಲರಣ್ಣ ತಲೆ ತಗ್ಗಿಸಿ ನಿಂತಿದ್ದ. ಆಗಲಿ ಎನ್ನುವುದರಲ್ಲಿದ್ದ ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಅಳಿಯನೇ ಕೈ ಅಡ್ಡ ತಂದ. "ಇರ್ಲಿ ಬಿಡಿ ಅಕ್ಕಾ. ಬಿಸಿಲಲ್ಲಿ ಹಗ್ಗಕ್ಕೆ ಜೋತಾಡಿದ ಮೈ ಇದು, ಇಷ್ಟಕ್ಕೆಲ್ಲ ಏನೂ ಆಗಲ್ಲ. ಜಿಪ್ ಹಾಕಿದ್ರೆ ಮಾವ ಆ ಎಪಿಸೋಡೇ ನೋಡಲ್ಲ."

ಎಲ್ಲರೂ ನಕ್ಕರು. ನಗುವಿನಲ್ಲಿ ಮಾತು ಮುಗಿದುಹೋಯಿತು. ಫೈಟ್ ಮಾಸ್ಟರ್ ಮಾತ್ರ ನಗದೆ ಅಳಿಯನನ್ನು ಪಕ್ಕಕ್ಕೆ ಕರೆದು ಒಂದು ಸನ್ನೆ ಹೇಳಿಕೊಟ್ಟ. ಒಳಗೆ ಏನಾದರೂ ತೊಂದರೆಯಾದರೆ ಎರಡೂ ಕೈ ತಲೆಯ ಮೇಲೆ ಅಡ್ಡಡ್ಡ ಇಡಬೇಕು, ಅದನ್ನು ಕಂಡ ತಕ್ಷಣ ಕೆಲಸ ನಿಲ್ಲಿಸುತ್ತೇವೆ ಎಂದ. ನಮಗೆಲ್ಲ ಆ ಸನ್ನೆ ಮಾಡಿ ತೋರಿಸಿದ. ನನಗೂ ಸ್ವಲ್ಪ ಸಮಾಧಾನವಾಯಿತು.

ಗಿರಣಿಯ ಸಂಚಿಕೆ ಬಂತು. ದೊಡ್ಡ ಶೆಡ್ಡಿನೊಳಗೆ ಕಬ್ಬಿಣದ ಪೈಪು, ಪ್ಲೈವುಡ್ ಸೇರಿಸಿ ಗಿರಣಿಯ ಮುಂಭಾಗ ಎಬ್ಬಿಸಿದ್ದರು. ಮೇಲೆ ಒಂದು ಕಿಟಕಿ, ಅದರ ಹಿಂದೆ ನಿಲ್ಲಲು ಹಲಗೆ, ಹಲಗೆಗೆ ಹತ್ತಲು ಹಿಂದಿನಿಂದ ಏಣಿ. ಕಿಟಕಿಯ ಅಕ್ಕಪಕ್ಕ ಗ್ಯಾಸಿನ ಕೊಳವೆಗಳಲ್ಲಿ ಬೆಂಕಿ. ಹೊಗೆ ನಿಲ್ಲಬೇಕೆಂದು ಶೆಡ್ಡಿನ ಬಾಗಿಲುಗಳನ್ನೆಲ್ಲ ಮುಚ್ಚಿದ್ದರು. ಬೆಳಗಿನಿಂದಲೇ ಒಳಗೆ ಉಸಿರು ಕಟ್ಟುವ ಹಾಗಿತ್ತು. ನನ್ನ ಡಬ್ಬಿಯಲ್ಲಿನ ಬಣ್ಣವೇ ಕರಗಿ ನೀರಾಗಿತ್ತು.

ಪುಸ್ತಕದ ಆ ಚಿತ್ರದಲ್ಲಿ ಕೈ ಎತ್ತುವುದನ್ನು ನಿರ್ದೇಶಕ ತೆಗೆದುಹಾಕಿದ್ದ. ಬೂದಿವೀರ ಕಿಟಕಿಗೆ ಬರಬೇಕು, ನೋಡಬೇಕು, ಹಿಂದೆ ಸರಿಯಬೇಕು, ಅಷ್ಟೇ. ಈಗಿನ ಜನಕ್ಕೆ ಕೈ ಎತ್ತುವುದೆಲ್ಲ ನಾಟಕದ ಹಾಗೆ ಕಾಣುತ್ತದೆ ಎಂದು ಅವನ ವಾದ. ಟೈಲರಣ್ಣ ದಿನಗಟ್ಟಲೆ ಬೇಡಿಕೊಂಡಿದ್ದ, ಪ್ರಯೋಜನವಾಗಿರಲಿಲ್ಲ. ಅಂದು ಬೆಳಿಗ್ಗೆ ಆ ಚಿತ್ರವಿದ್ದ ಹಳೆಯ ಕಾಮಿಕ್ಸನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದ. ಅಳಿಯನ ಬೆನ್ನು ಹೊಲಿದು ಕುತ್ತಿಗೆಗೆ ಬರುವ ಮೊದಲು ಅದನ್ನು ಬಿಡಿಸಿ ಅವನ ಮುಂದೆ ಹಿಡಿದ.

"ನೋಡು. ಈ ಬಲಗೈ ನೋಡು. ಬೆರಳು ಹೇಗೆ ಅಗಲಿಸಿದ್ದಾನೆ ನೋಡು."

"ಎಷ್ಟು ಸಲ ತೋರಿಸ್ತೀರಿ ಮಾವ, ನನಗೆ ಕನಸಲ್ಲೂ ಬರುತ್ತೆ."

"ಒಂದೇ ಒಂದ್ಸಲ ಎತ್ತಿಬಿಡು. ಬೈದ್ರೆ ನಾನು ಬೈಸ್ಕೋತೀನಿ. ಇಷ್ಟು ವರ್ಷ ಕಾದಿದ್ದೀನಿ ಕಣಪ್ಪಾ."

ಅಳಿಯ ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ. "ನೋಡೋಣ ಮಾವ. ಡೈರೆಕ್ಟರು ಹೊಡೆದ್ರೆ ನೀವೇ ಬಂದು ಬಿಡಿಸ್ಬೇಕು" ಎಂದ. ಅದು ನಾವು ಸ್ಪಷ್ಟವಾಗಿ ಕೇಳಿಸಿಕೊಂಡ ಅವನ ಕೊನೆಯ ಮಾತು. ಆಮೇಲೆ ಟೈಲರಣ್ಣ ಮುಖವಾಡ ಎಳೆದು ನೆತ್ತಿಯ ತನಕ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದ.

ಅಳಿಯ ಏಣಿ ಹತ್ತಿದ. ಟೈಲರಣ್ಣ ಎಂದಿನಂತೆ ಬುಡದಲ್ಲಿ ನಿಂತ. ಆದರೆ ಬುಡದಿಂದ ಕಾಣುವುದು ಪ್ಲೈವುಡ್ಡಿನ ಹಿಂಭಾಗ, ಮೊಳೆ, ಪೈಪು. ಕಿಟಕಿಯಲ್ಲಿ ನಿಂತ ಬೂದಿವೀರ ಕಾಣಬೇಕಾದರೆ ಮುಂದೆ ನಿರ್ದೇಶಕ ನೋಡುವ ಮಾನಿಟರಿನ ಹತ್ತಿರ ಹೋಗಬೇಕು. ಅವನು ಅತ್ತ ನೋಡಿದ, ಇತ್ತ ನೋಡಿದ. "ಇವತ್ತು ಒಂದು ಶಾಟ್ ಮುಂದೆ ನಿಂತು ನೋಡ್ತೀನಿ" ಎಂದ, ಯಾರ ಅಪ್ಪಣೆ ಕೇಳಿದನೋ ತಿಳಿಯದು.

"ಹೋಗೋದಾದ್ರೆ ಆ ಕತ್ತರೀನ ಇಲ್ಲಿ ಯಾರ ಕೈಗಾದ್ರೂ ಕೊಟ್ಟು ಹೋಗು" ಎಂದೆ ನಾನು.

"ದರ್ಜಿ ಕತ್ತರಿ ಇನ್ನೊಬ್ಬರ ಕೈಗೆ ಕೊಡ್ತಾನಾ? ಕಾಗದ ಕತ್ತರಿಸಿ ಮೊಂಡು ಮಾಡಿ ಇಡ್ತಾರೆ" ಎಂದು ಕೊರಳಿನ ಕತ್ತರಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಹೋದ. ದರ್ಜಿಗಳೆಲ್ಲ ಹಾಗೆಯೇ. ನಮ್ಮ ಕೋಣೆಗೆ ಒಂದು ಸಲವೂ ಅವನು ಕತ್ತರಿ ಕಡ ಕೊಟ್ಟವನಲ್ಲ.

ನಾನು ನನ್ನ ಡಬ್ಬಿಯೊಂದಿಗೆ ಮಾನಿಟರಿನ ಸುತ್ತ ಸೇರಿದವರೆಲ್ಲರ ಹಿಂದೆ ಬಂದು ನಿಂತೆ. ನನಗೆ ಕಾಣುತ್ತಿದ್ದದ್ದು ಬರೀ ಬೆನ್ನುಗಳು, ಮೇಲೆ ತೇಲುವ ಹೊಗೆ. ಕಿಟಕಿಯಲ್ಲಿ ಏನಾಯಿತು ಎಂಬುದನ್ನು ನಾನು ನೋಡಿದ್ದು ಆಮೇಲೆ, ಆದರೆ ಕೆಳಗೆ ಏನಾಯಿತು ಎಂಬುದನ್ನು ಕಿವಿಯಾರೆ ಕೇಳಿದೆ. ಬೂದಿವೀರ ಕಿಟಕಿಗೆ ಬಂದ, ಎಡಗೈಯಲ್ಲಿ ಚೌಕಟ್ಟು ಹಿಡಿದ. ಹಿಂದೆ ಸರಿಯಬೇಕಾದವನು ಸರಿಯಲಿಲ್ಲ. ಬಲಗೈ ಎತ್ತಿದ. ಬೆರಳು ಅಗಲಿಸಿದ.

"ಏನು ಮಾಡ್ತಿದ್ದಾನೆ ಇವನು?" ಎಂದ ನಿರ್ದೇಶಕ. "ಏನಾದ್ರೂ ತೊಂದ್ರೇನಾ?"

ಫೈಟ್ ಮಾಸ್ಟರ್ ಕುರ್ಚಿಯಿಂದ ಅರ್ಧ ಎದ್ದ. ಟೈಲರಣ್ಣ ಅವನ ತೋಳು ಹಿಡಿದು ಕೂರಿಸಿದ್ದನ್ನು ನಾನು ಕಂಡೆ. "ಬೇಡ, ಬೇಡ, ನಿಲ್ಲಿಸ್ಬೇಡಿ ಸಾರ್! ಪುಸ್ತಕದಲ್ಲಿ ಇರೋದೇ ಅದು! ನನಗೋಸ್ಕರ ಮಾಡ್ತಿದ್ದಾನೆ, ನನ್ನ ಅಳಿಯ, ನನಗೋಸ್ಕರ!"

ಬೂದಿವೀರನ ವಿಷಯದಲ್ಲಿ ಟೈಲರಣ್ಣನ ಮಾತೇ ಕೊನೆಯ ಮಾತು ಎಂದು ಸೆಟ್ಟಿನಲ್ಲಿ ಎಲ್ಲರಿಗೂ ಗೊತ್ತು. ನಿರ್ದೇಶಕ ಕ್ಯಾಮೆರಾ ನಿಲ್ಲಿಸಲಿಲ್ಲ. ಕೈ ಬಹಳ ಹೊತ್ತು ಮೇಲೆಯೇ ಇತ್ತಂತೆ. ಆಮೇಲೆ ಮೆಲ್ಲಗೆ ಇಳಿಯಿತು, ಬೂದಿವೀರ ಮಂಡಿ ಮಡಚಿ ಕಾಣದಾದ. ಕಿಟಕಿಯಲ್ಲಿ ಬೆಂಕಿ, ಹೊಗೆ ಮಾತ್ರ ಉಳಿಯಿತು. "ಮುಂದಿನ ಪುಟದಲ್ಲೂ ಹೀಗೇ ಸಾರ್" ಎಂದ ಟೈಲರಣ್ಣ, ಅಳುತ್ತಿದ್ದ, "ಕಿಟಕಿ ಖಾಲಿ." ನಿರ್ದೇಶಕ ಖಾಲಿ ಕಿಟಕಿಯ ಮೇಲೂ ಕ್ಯಾಮೆರಾ ಇಟ್ಟ. ಆಮೇಲೆ ಕಟ್ ಎಂದ. ಮೊದಲು ಚಪ್ಪಾಳೆ ತಟ್ಟಿದವನು ಟೈಲರಣ್ಣ. ಅವನನ್ನು ನೋಡಿ ಎಲ್ಲರೂ ತಟ್ಟಿದರು.

ಆಗ ಮೇಲೆ ಅಟ್ಟಣಿಗೆಯಲ್ಲಿದ್ದ ಲೈಟಿನವನು ಕಿರುಚಿದ. "ಏಯ್, ಬಿದ್ದಿದ್ದಾನೆ! ಅಲ್ಲಾಡ್ತಿಲ್ಲ!"

ಟೈಲರಣ್ಣ ಓಡಿದ. ಅಷ್ಟು ದೊಡ್ಡ ಶೆಡ್ಡು, ನೆಲದ ತುಂಬ ಕೇಬಲ್ಲು, ಅವನು ಎಡವಿ ಬಿದ್ದು ಎದ್ದು ಏಣಿ ಹತ್ತಿದ. ಯಾರೋ ಬಾಗಿಲು ತೆರೆದರು, ಯಾರೋ ಗ್ಯಾಸು ನಿಲ್ಲಿಸಿದರು. ಮುಖವಾಡವನ್ನು ಕೈಯಿಂದ ಹರಿಯಲು ನೋಡಿದ ಫೈಟ್ ಮಾಸ್ಟರಿಗೆ ಆಗಲಿಲ್ಲ, ಅಷ್ಟು ಗಟ್ಟಿ ಹೊಲಿಗೆ. ಕತ್ತರಿ ಬಂದು ಬಿಡಿಸಿದಾಗ ಹುಡುಗ ಒಳಗೇ ವಾಂತಿ ಮಾಡಿಕೊಂಡಿದ್ದು ಕಂಡಿತು. ಅದು ಮೂಗು ಬಾಯಿಗೆ ಅಡರಿ ಉಸಿರು ಕಟ್ಟಿಸಿತ್ತು. ನಾನು ಅವನ ಮುಖ ತೊಳೆದೆ. ದಿನವೂ ಬಣ್ಣ ಹಚ್ಚಿದ ಮುಖ ಅದು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು ಎಂದು ಡಾಕ್ಟರು ಹೇಳಿದರು.

ವಿಚಾರಣೆಗೆ ಬಂದವರಿಗೆ ನಿರ್ದೇಶಕ, ಫೈಟ್ ಮಾಸ್ಟರ್ ಇಬ್ಬರೂ ಒಂದೇ ಮಾತು ಹೇಳಿದರು. ಎಲ್ಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಯಿತು, ಸನ್ನೆ ಮಾಡಲೂ ಅವನಿಗೆ ಆಗಲಿಲ್ಲ. ಎರಡು ಕೈ ಅಡ್ಡ ಇಡಬೇಕೆಂದು ಹೇಳಿಕೊಟ್ಟಿದ್ದೆವು, ಇಡಲಿಲ್ಲ. ಅದೂ ನಿಜವೇ. ಚೌಕಟ್ಟು ಹಿಡಿದ ಎಡಗೈ ಬಿಟ್ಟಿದ್ದರೆ ಕೆಳಗೆ ಬೀಳುತ್ತಿದ್ದ, ಅದನ್ನು ಬಿಡಲಾಗದೆ ಉಳಿದ ಒಂದೇ ಕೈ ಎತ್ತಿದ್ದ. ಹಗ್ಗದಲ್ಲಿ ಕೆಲಸ ಮಾಡಿದವನಿಗೆ ಹಿಡಿತ ಬಿಡಬಾರದೆಂಬುದು ರಕ್ತದಲ್ಲೇ ಇತ್ತು. ನನ್ನನ್ನು ಕೇಳಿದಾಗ ನಾನು ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ಹೇಳಿದೆ, ಬೆನ್ನ ಹಿಂದೆ ನಿಂತವಳ ಮಾತು ಎಂದು ಪಕ್ಕಕ್ಕಿಟ್ಟರು. ಟೈಲರಣ್ಣನನ್ನು ಯಾರೂ ಸರಿಯಾಗಿ ಕೇಳಲಿಲ್ಲ. ಅಳಿಯನನ್ನು ಕಳೆದುಕೊಂಡವನನ್ನು ಏನು ಕೇಳುವುದು ಎಂದು ಬಿಟ್ಟರು. ಅವನು ಬಾಯಿ ತೆರೆಯಲೂ ಇಲ್ಲ, ಸ್ಟುಡಿಯೋ ಕಡೆ ಬರಲೂ ಇಲ್ಲ.

ಧಾರಾವಾಹಿ ನಿಲ್ಲಲಿಲ್ಲ. ಗಿರಣಿಯ ಸಂಚಿಕೆ ತೋರಿಸುವ ಹೊತ್ತು ಬಂದಾಗ ಚಾನೆಲ್ಲಿನವರಿಗೆ ಆ ಶಾಟ್ ಬೇಕೆನಿಸಿತು. ಮನೆಯವರ ಒಪ್ಪಿಗೆ ಇಲ್ಲದೆ ಹಾಕುವ ಧೈರ್ಯ ನಿರ್ದೇಶಕನಿಗೆ ಇರಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡ, ಒಬ್ಬನೇ ಹೋಗಲು ಹೆದರಿಕೆ. ಹೋಗುವುದಿಲ್ಲ ಎನ್ನಬಹುದಿತ್ತು, ಆದರೆ ಟೈಲರಣ್ಣನ ಮಗಳನ್ನು ಇವನ ಎದುರು ಒಂಟಿಯಾಗಿ ಬಿಡಲು ನನಗೆ ಮನಸ್ಸಾಗಲಿಲ್ಲ.

ಮಗಳು ತವರಿಗೇ ಬಂದು ಇದ್ದಳು. ಅದೇ ನಡುಮನೆ, ಅದೇ ಟೀವಿ, ಮೇಲೆ ಬಟ್ಟೆ ಹೊದಿಸಿದ್ದರು. ಟೈಲರಣ್ಣ ಗೋಡೆಗೊರಗಿ ಕೆಳಗೆ ಕೂತಿದ್ದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಿರ್ದೇಶಕ ಲ್ಯಾಪ್‌ಟಾಪ್ ತೆರೆದು, ಕಡೆಯಲ್ಲಿ ಅವರ ಹೆಸರು ಹಾಕುತ್ತೇವೆ, ಅಭಿಮಾನಿಗಳು ಇದನ್ನು ಎಂದೂ ಮರೆಯುವುದಿಲ್ಲ ಎಂದು ಏನೇನೋ ಹೇಳಿದ. ಸದ್ದು ಬಂದ್ ಮಾಡಿ ಶಾಟ್ ಹಾಕಿದ.

ನಾನೂ ಮೊದಲ ಸಲ ನೋಡಿದೆ. ಸುಳ್ಳು ಹೇಳುವುದಿಲ್ಲ, ಎಷ್ಟು ಚೆನ್ನಾಗಿತ್ತೆಂದರೆ ನನ್ನ ಮೈ ಜುಮ್ಮೆಂದಿತು. ಬೆಂಕಿಯ ನಡುವೆ ಬೂದು ಮೈ, ಎತ್ತಿದ ಕೈ. ಮಗಳು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಅಷ್ಟು ದಿನದಲ್ಲಿ ಅವಳ ಮುಖ ಸ್ವಲ್ಪ ಸಡಿಲವಾದದ್ದು ಆಗಲೇ.

"ಹಾಕಿ ಸಾರ್" ಎಂದಳು. "ಎಷ್ಟು ಚೆನ್ನಾಗಿ ನಿಂತಿದ್ದಾರೆ." ಅಪ್ಪನ ಕಡೆ ತಿರುಗಿದಳು. "ನಿನ್ನ ಪುಸ್ತಕದ ಚಿತ್ರ ಅಲ್ವಾ ಅಪ್ಪಾ? ಮಾವನಿಗೆ ಆಸೆ, ಒಂದು ದಿನ ಹೇಳ್ದೆ ಕೇಳ್ದೆ ಮಾಡಿಬಿಡ್ತೀನಿ ಅಂತ ಇವರು ಮನೇಲಿ ಹೇಳ್ತಿದ್ರು. ಕೊನೆಗೂ ನಿನಗೋಸ್ಕರ ಮಾಡಿದ್ರಲ್ಲ."

ಹೂಂ ಎಂದುಬಿಡಣ್ಣ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಹೂಂ ಸಾಕಿತ್ತು. ಅವಳು ಅದನ್ನು ಇಟ್ಟುಕೊಂಡು ಬದುಕುತ್ತಿದ್ದಳು, ಅವನೂ ಹೇಗೋ ಬದುಕುತ್ತಿದ್ದ. ನಿರ್ದೇಶಕ ನೆಲ ನೋಡುತ್ತಿದ್ದ.

"ಅಲ್ಲಮ್ಮ" ಎಂದ ಟೈಲರಣ್ಣ. ಬಹಳ ದಿನ ಮಾತಾಡದೆ ದನಿ ಒಡೆದಿತ್ತು. "ಅದು ಬೂದಿವೀರ ಅಲ್ಲ. ನಿನ್ನ ಗಂಡ. ಉಸಿರು ಸಿಗ್ದೆ ನನ್ನನ್ನ ಕರೀತಿದ್ದಾನೆ. ಮಾಸ್ಟರು ಎದ್ರು, ನಾನು ಹಿಡಿದು ಕೂರಿಸ್ದೆ."

ಅವನ ಹೆಂಡತಿ ಅಡುಗೆಮನೆಯ ಬಾಗಿಲು ಬಿಟ್ಟು ಮಗಳ ಹತ್ತಿರ ಬಂದಳು. ಮಗಳು ಅಪ್ಪನನ್ನು ನೋಡಿದಳು, ಪರದೆಯನ್ನು ನೋಡಿದಳು. ಅಳುತ್ತಾಳೆ, ಕಿರುಚುತ್ತಾಳೆ ಎಂದುಕೊಂಡೆ.

"ಇನ್ನೊಂದ್ಸಲ ಹಾಕಿ" ಎಂದಳು ನಿರ್ದೇಶಕನಿಗೆ. "ಸೌಂಡ್ ಇಟ್ಟು ಹಾಕಿ."

"ಅದು ಬೇಡಮ್ಮ, ಅದರಲ್ಲಿ ಸೆಟ್ಟಿನ ಗಲಾಟೆ..." ಎಂದು ನಿರ್ದೇಶಕ ತೊದಲಿದ. ಅವಳು ತಾನೇ ಕೈ ಚಾಚಿ ಗುಂಡಿ ಒತ್ತಿದಳು. ಬೆಂಕಿಯ ಸದ್ದು ಬಂತು, ಹೊಗೆಯ ಯಂತ್ರದ ಸದ್ದು ಬಂತು. ಕಿಟಕಿಯಲ್ಲಿ ಕೈ ಮೇಲೆ ಹೋಯಿತು. ಆಮೇಲೆ ಟೈಲರಣ್ಣನ ದನಿ ನಡುಮನೆಯ ತುಂಬ ಕೇಳಿಸಿತು, ಬೇಡ, ಬೇಡ, ನಿಲ್ಲಿಸ್ಬೇಡಿ, ನನಗೋಸ್ಕರ ಮಾಡ್ತಿದ್ದಾನೆ ಎಂದು. ಇಷ್ಟು ವರ್ಷ ಪ್ಲೈವುಡ್ಡಿನ ಆಚೆಯಿಂದ ಆ ದನಿ ಕೇಳಿದ್ದೇನೆ. ಅಷ್ಟು ಸಂತೋಷವಾಗಿ ಅದನ್ನು ಎಂದೂ ಕೇಳಿರಲಿಲ್ಲ.